ಮಗ್ಗದ ಓಣಿಯ ಕೈಮಾತು

ಜೂನ್ 18, ಬುಧವಾರ

ಪ್ರಾರ್ಥನೆ, ಹಾಜರಿ, ಹಾಲು. ಹಾಲು ಒಲ್ಲೆ ಎಂದು ಮುಖ ಕಿವುಚುವವರ ಬೆನ್ನು ಹತ್ತುವುದೇ ಅರ್ಧ ನೌಕರಿ. ಈ ವರ್ಷ ನನಗೆ ಮೂರನೇ ತರಗತಿ. ಬೆಟಗೇರಿ ಮಗ್ಗದ ಓಣಿಯ ಮಕ್ಕಳೇ ಹೆಚ್ಚು. ಮಾತೇ ಆಡುವುದಿಲ್ಲ ಇವು! ನಾನು ಒಳಗೆ ಕಾಲಿಟ್ಟರೆ ಸಾಕು, ಎಲ್ಲಾ ಗಪ್‌ಚಿಪ್. ಶಿಸ್ತು ಎಂದರೆ ನನ್ನದು.

ಹೆಡ್‌ಮಾಸ್ತರ್ ಉಡಚಪ್ಪ ಸರ್‌ಗೆ ಇದರಲ್ಲೂ ಚಾಷ್ಟಿ. "ವಿದ್ಯಾಶ್ರೀ ಟೀಚರ್, ನೀವು ಹಾಜರಿ ಕೂಗಿದ್ರ ಗದಗ ಸ್ಟೇಶನ್ನಿನ್ಯಾಗ ಕುಂತ ಪ್ಯಾಸೆಂಜರ್ ಸೈತ ಎದ್ದು ನಿಂತು 'ಹಾಜರ್ ರೀ' ಅಂತಾರ." ನಗಲಿ. ಧ್ವನಿ ಇಲ್ಲದ ಟೀಚರು ಒಬ್ಬ ಟೀಚರೇ?

ಒಂದು ಹುಡುಗಿ ಮಾತ್ರ ತಲೆ ತಿನ್ನುತ್ತಿದ್ದಾಳೆ. ಸಾಯಿಮಾ. ಎರಡನೇ ಸಾಲು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಯಾವಾಗಲೂ ನಗು. ಹೆಸರು ಕರೆದರೆ ಉತ್ತರವಿಲ್ಲ. ಪಕ್ಕದವಳು ಮೊಣಕೈಯಿಂದ ತಿವಿದ ಮೇಲೆ "ಹಾಜರ್". ಪುಸ್ತಕ ತೆಗೆ ಎಂದರೆ ಎದ್ದು ನಿಲ್ಲುತ್ತಾಳೆ, ನಿಲ್ಲು ಎಂದರೆ ಪುಸ್ತಕ ತೆಗೆಯುತ್ತಾಳೆ. ಕಳೆದ ವರ್ಷದ ಟೀಚರ್ ವರ್ಗವಾಗಿ ಹೋಗುವಾಗಲೇ ಹೇಳಿದ್ದರು — "ಆಕಿಗೆ ಹೇಳೂದು ಒಂದ, ಗ್ವಾಡಿಗೆ ಹೇಳೂದು ಒಂದ."

ಇವತ್ತು ಸಿಟ್ಟು ನೆತ್ತಿಗೇರಿತು. "ಕಿವಿ ಎಲ್ಲಿ ಇಟ್ಟು ಬಂದೀಯವ್ವಾ?" ಎಂದು ಒದರಿದೆ. ಅದಕ್ಕೂ ನಕ್ಕಳು.

ಜೂನ್ 27, ಶುಕ್ರವಾರ

ಸಾಯಿಮಾಳ ಅಪ್ಪ ಇಜಾಜ ಬಂದಿದ್ದ. ಗೋಪಣ್ಣನವರ ಶೆಡ್ಡಿನಲ್ಲಿ ಪವರ್‌ಲೂಮ್ ರಿಪೇರಿ ಮಾಡುವವನು. ಕೈ ತುಂಬಾ ಗ್ರೀಸ್. ಬಾಗಿಲ ಹೊರಗೇ ನಿಂತ.

"ಅಕ್ಕಾರ, ಟಿ.ಸಿ. ಕೊಡ್ರಿ. ಲಕ್ಷ್ಮೇಶ್ವರಕ್ಕ ಕಳಸ್ತೀನಿ, ನಮ್ಮಕ್ಕನ ಮನಿಗೆ."

"ಅಲ್ಲಿ ಶಾಲಿಗೆ ಹಾಕ್ತೀರೇನು?"

"ನೋಡೂಣ್ರಿ. ಅಕ್ಕಗ ಸಣ್ಣ ಕೂಸೈತಿ, ಆಡಸಾಕ ಒಬ್ರು ಬೇಕು. ಈಕಿಗಂತೂ ಓದು ಹತ್ತೂದಿಲ್ಲ. ಮೂರನೇತ್ತಕ್ಕ ಬಂದ್ರೂ ಒಂದಕ್ಷರ ಬರೂದಿಲ್ಲ. ಸುಮ್ನ ನಿಮಗೂ ತ್ರಾಸು."

'ನೋಡೂಣು' ಎಂದರೆ ಏನೆಂದು ನನಗೆ ಗೊತ್ತಿಲ್ಲವೇ? ಕೂಸು ಆಡಿಸಲು ಹೋದ ಹೆಣ್ಣುಮಗು ಮತ್ತೆ ಶಾಲೆಯ ಮುಖ ನೋಡುವುದಿಲ್ಲ. ಆ ಕೂಸು ದೊಡ್ಡದಾದರೆ ಇನ್ನೊಂದು ಕೂಸು. ಮೈಯೆಲ್ಲಾ ಉರಿಯಿತು.

"ಟಿ.ಸಿ. ಅಂದ್ರ ಏನ್ ಬಸ್ ಟಿಕೀಟೇನ್ರಿ, ಕೇಳಿದ ಕೂಡ್ಲೇ ಹರದು ಕೊಡಾಕ? ದಸರಾ ಸೂಟಿ ತನಕ ತಡೀರಿ. ಅಷ್ಟ್ರಾಗ ಆಕಿ ಓದಿದ್ರ ಇಲ್ಲೇ ಇರ್ತಾಳ. ಓದಲಿಲ್ಲಂದ್ರ ನಿಮ್ಮ ಮರ್ಜಿ."

ಒಪ್ಪಿದ. ನನ್ನ ಮಾತಿಗಲ್ಲ, ನನ್ನ ಧ್ವನಿಗೆ ಹೆದರಿ. ಹೇಳಿಯೇನೋ ಬಿಟ್ಟೆ... ಈಗ ಕುಳಿತು ದಿನ ಎಣಿಸುತ್ತಿದ್ದೇನೆ. ಮೂರು ತಿಂಗಳೂ ಇಲ್ಲ.

ಜುಲೈ 9, ಬುಧವಾರ

ದಿನಾ ಶಾಲೆ ಬಿಟ್ಟ ಮೇಲೆ ಸಾಯಿಮಾಳನ್ನು ಕೂರಿಸಿಕೊಂಡು ಒದರಿದ್ದೇ ಒದರಿದ್ದು. ಫಲ ಸೊನ್ನೆ. ಮೇಲೆ ಗಂಟಲು ಹರಿಯಿತು. ನಿನ್ನೆ ಸಂಜೆಯಿಂದ ಧ್ವನಿಯೇ ಇಲ್ಲ. ಡಾಕ್ಟರು ವಾರ ಮಾತಾಡಬೇಡಿ ಎಂದರು. ಉಡಚಪ್ಪ ಸರ್ ಮುಖದ ಮೇಲಿನ ಕಳೆ ನೋಡಬೇಕಿತ್ತು! ಪೇಡೆ ಹಂಚುವುದೊಂದು ಬಾಕಿ.

ಜುಲೈ 10, ಗುರುವಾರ

ರಜೆ ಹಾಕಲಿಲ್ಲ. ಪಿಸುಗುಟ್ಟಿಯೇ ಪಾಠ. ಮಕ್ಕಳಿಗೆ ಇದೊಂದು ಮಜಾ. ಉಸಿರು ಬಿಗಿಹಿಡಿದು ಕೇಳಿಸಿಕೊಂಡವು. ಉಕ್ತಲೇಖನ ಕೊಟ್ಟೆ, ಎಲ್ಲಾ ಬರೆದವು.

ಸಾಯಿಮಾಳದು ಖಾಲಿ. ಪಕ್ಕದವಳ ಪಾಟಿ ನೋಡುತ್ತಾಳೆ, ನನ್ನ ತುಟಿ ನೋಡುತ್ತಾಳೆ, ಮತ್ತೆ ಪಾಟಿ. ನಗು ಇಲ್ಲ. ಮೊದಲ ಸಲ ಆ ಮುಖದಲ್ಲಿ ಗಾಬರಿ ಕಂಡೆ. ಒಂದು ಅನುಮಾನ ಬಂತು.

ತರಗತಿಯ ಹಿಂದೆ ಹೋಗಿ ನಿಂತೆ. ಮೆಲ್ಲಗೆ, "ಶೇಂಗಾ ಚಿಕ್ಕಿ ಯಾರಿಗೆ ಬೇಕು?" ಎಂದೆ. ಎಲ್ಲ ತಲೆಗಳೂ ಗರ್ರನೆ ಹಿಂದಕ್ಕೆ ತಿರುಗಿದವು. ಒಂದು ತಲೆ ತಿರುಗಲಿಲ್ಲ. ಎರಡು ಜಡೆ, ಬೋರ್ಡಿನ ಕಡೆ ನೋಡುತ್ತಾ ಹಾಗೇ ಕುಳಿತಿತ್ತು.

ಅಯ್ಯೋ ದೇವರೇ... ಈ ಕೂಸಿಗೆ ಕೇಳಿಸುವುದೇ ಇಲ್ಲ.

ಜುಲೈ 11, ಶುಕ್ರವಾರ

ಅವರ ಮನೆಗೆ ಹೋಗಿದ್ದೆ. ಓಣಿಗೆ ಕಾಲಿಟ್ಟರೆ ಖಟಾಖಟ್ ಖಟಾಖಟ್. ಮನೆಗೆ ಹತ್ತಿಯೇ ಗೋಪಣ್ಣನವರ ಶೆಡ್ಡು, ನಡುವೆ ಒಂದು ಗೋಡೆ, ಅದರಲ್ಲೂ ಬಾಗಿಲು. ನನ್ನ ಪಿಸುಮಾತು ನನಗೇ ಕೇಳಲಿಲ್ಲ. ಅಜ್ಜಿ ಅಲ್ಮಾಸಬಿಯನ್ನು ಬೀದಿಯ ತುದಿಗೆ ಕರೆದುಕೊಂಡು ಹೋಗಿ ವಿಷಯ ಹೇಳಿದೆ.

ಸಿಡಿದಳು. "ಕಿವುಡಿ? ನನ್ನ ಮೊಮ್ಮಗಳು? ನಾಲಿಗಿ ಹಿಡದು ಮಾತಾಡ್ರಿ ಅಕ್ಕಾರ. ಹೆಣ್ಣ ಹುಡುಗಿ ಐತಿ. ನಾಳೆ ಲಗ್ನ ಆಗೂದು ಬ್ಯಾಡೇನು? ಬರ್ರಿ ಒಳಗ, ನಿಮ್ಮ ಕಣ್ಲೆ ನೋಡ್ರಿ."

ನೋಡಿದೆ. ಮುದುಕಿ ಹೆಬ್ಬೆರಳು ಬಾಯಿಗಿಟ್ಟಳು, ಸಾಯಿಮಾ ನೀರು ತಂದಳು. ನಡುವಿನ ಬಾಗಿಲಾಚೆ, ಶೆಡ್ಡಿನ ಮಗ್ಗಗಳ ಮಧ್ಯದಿಂದ ತಾಯಿ ಸಬೀನಾ ಎರಡು ಬೆರಳು ಜೋಡಿಸಿ ಫಟ್ಟನೆ ಅಗಲಿಸಿದಳು — ಎಳೆ ಹರಿದಿದೆ ಎಂದು. ಹುಡುಗಿ ಓಡಿಹೋಗಿ ಅಪ್ಪನನ್ನು ಎಳೆದುಕೊಂಡು ಬಂದಳು. ಯಾರೋ ಇಲ್ಲದ ಮೀಸೆ ತಿರುವಿ ತೋರಿಸಿದರು, ಎಲ್ಲರೂ ಬೆನ್ನು ನೆಟ್ಟಗೆ ಮಾಡಿದರು. ಗೋಪಣ್ಣ ಒಳಗೆ ಬಂದ.

ಮುದುಕಿಗೆ ಗೆದ್ದ ಹುರುಪು. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು, "ಹೇಳಿದ್ದೆಲ್ಲಾ ಮಾಡ್ತಾಳ! ಕೇಳಸಲಾರದ ಮಾಡ್ತಾಳೇನು?"

ಹೇಳಿದ್ದೆಲ್ಲಿ? ಯಾರೂ ಒಂದು ಮಾತೂ ಆಡಿರಲಿಲ್ಲ! ಆ ಸಪ್ಪಳದಲ್ಲಿ ಮಾತಾಡಿ ಪ್ರಯೋಜನವಿಲ್ಲ ಎಂದು ಇಡೀ ಓಣಿ ಕೈಯಲ್ಲೇ ಮಾತಾಡುತ್ತದೆ. ಉಣ್ಣು, ಬಾ, ಮಲಗು, ಸುಮ್ಮನಿರು — ಎಲ್ಲಾ ಕೈ. ಆ ಮನೆಯಲ್ಲಿ ಕಿವಿಗೆ ಕೆಲಸವೇ ಇಲ್ಲ. ಈ ಹುಡುಗಿಯ ಕಿವಿ ಮಂದ ಎಂದು ಅವರಿಗೆ ತಿಳಿಯಬೇಕಾದರೂ ಹೇಗೆ? ಬೇರೆ ಯಾವ ಊರಲ್ಲಿದ್ದರೂ ತೊಟ್ಟಿಲಲ್ಲೇ ತಿಳಿಯುತ್ತಿತ್ತು.

ಜುಲೈ 20, ಭಾನುವಾರ

ಲೈನ್ ರಿಪೇರಿ. ಬೆಟಗೇರಿಗೆ ಸಂಜೆಯವರೆಗೆ ಕರೆಂಟ್ ಇಲ್ಲ ಎಂದು ಪೇಪರಿನಲ್ಲಿ ನೋಡಿದ್ದೆ. ಅದಕ್ಕೇ ಕಾದಿದ್ದೆ. ಬೆಳಗ್ಗೆಯೇ ಓಣಿಗೆ ಹೋದೆ. ಮಗ್ಗ ನಿಂತು ಮಂದಿಯೆಲ್ಲಾ ಕಟ್ಟೆಗೆ ಬಂದು ಕುಳಿತಿದ್ದರು. ಸಾಯಿಮಾ ಬೀದಿಯಲ್ಲಿ ಇಟ್ಟಿಗೆ ಚೂರಿನಿಂದ ಮನೆ ಬರೆದುಕೊಂಡು ಕುಂಟಬಿಲ್ಲೆ ಆಡುತ್ತಿದ್ದಳು. ನಮ್ಮ ಕಡೆ ಬೆನ್ನು.

"ಸಬೀನಾ, ಕರೀರಿ ಆಕೀನ. ಕೈ ಮಾಡಬ್ಯಾಡ್ರಿ. ಬಾಯಿಲೆ ಕರೀರಿ."

"ಸಾಯಿಮಾ," ಎಂದಳು. ಇಲ್ಲ. ಜೋರಾಗಿ ಕರೆದಳು. ನಾಲ್ಕು ಮನೆ ಆಚೆ ಒಬ್ಬಳು ತಿರುಗಿ ನೋಡಿದಳು. ಇವಳು ಇಲ್ಲ. "ಆಟದಾಗ ಐತಿ ಲಕ್ಷ್ಯ," ಎಂದಳು ಅಲ್ಮಾಸಬಿ. ಆದರೆ ದನಿ ಇಳಿದಿತ್ತು. ಸಬೀನಾ ಮೆಟ್ಟಿಲಿಳಿದು ಹೋದಳು. ಮಗಳ ಬೆನ್ನ ಹಿಂದೆಯೇ ನಿಂತು ಮತ್ತೆ ಕರೆದಳು. ಸಾಯಿಮಾ ಕುಂಟುತ್ತಲೇ ಇದ್ದಳು. ಕೊನೆಗೆ ಅಮ್ಮನ ನೆರಳು ಮನೆಯ ಗೆರೆಗಳ ಮೇಲೆ ಬಿತ್ತು. ಆಗ ತಲೆಯೆತ್ತಿ ನಕ್ಕಳು.

ಓಣಿಗೆ ಓಣಿಯೇ ನೋಡುತ್ತಿತ್ತು. ಸಬೀನಾ ಅಲ್ಲೇ ಬೀದಿಯಲ್ಲಿ ಕುಕ್ಕರಿಸಿದಳು.

"ಎಂಟು ವರ್ಷ ಅಕ್ಕಾರ... ಎಂಟು ವರ್ಷ ನಾ ಕರದದ್ದು ಆಕಿಗೆ ಮುಟ್ಟೇ ಇಲ್ಲ."

ಅವಳನ್ನು ತಬ್ಬಿಕೊಂಡು ನಾನೂ ಅತ್ತೆ. ನಾಚಿಕೆಯೇನು ಬಂತು? ಅಲ್ಮಾಸಬಿ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

ಜುಲೈ 29, ಮಂಗಳವಾರ

ಜಿಲ್ಲಾ ಆಸ್ಪತ್ರೆ. ಸಬೀನಾ, ಇಜಾಜ, ನಾನು. ಕಿವಿ ಪರೀಕ್ಷೆ ಆಯಿತು. ಪೂರ್ತಿ ಕಿವುಡಲ್ಲ. ತೀರಾ ಗಟ್ಟಿ ಸಪ್ಪಳ ಕೇಳುತ್ತದೆ, ಎದುರಿಗೆ ನಿಂತು ಆಡಿದ ಮಾತು ಅಲ್ಪಸ್ವಲ್ಪ ಮಾತ್ರ. ಮೆದು ಮಾತು ಇಲ್ಲವೇ ಇಲ್ಲ. ಎರಡೂ ಕಿವಿಗೆ ಮಷಿನ್ ಹಾಕಿದರೆ ಕಲಿಯುತ್ತಾಳೆ ಎಂದರು. ಬುದ್ಧಿಗೇನೂ ಕೊರತೆ ಇಲ್ಲ, ಚುರುಕಿದ್ದಾಳೆ ಎಂದೂ ಹೇಳಿದರು. ಅದನ್ನು ಇಜಾಜನಿಗೆ ಕೇಳಿಸಲೆಂದೇ ಡಾಕ್ಟರಿಂದ ಎರಡು ಸಲ ಹೇಳಿಸಿದೆ!

ಮಷಿನ್ ಸರಕಾರದಿಂದಲೇ ಸಿಗುತ್ತದೆ. ಆದರೆ ಶಿಬಿರ ನವೆಂಬರಿನಲ್ಲಿ. ದಸರಾ ಸೂಟಿ ಸೆಪ್ಟೆಂಬರಿನಲ್ಲೇ.

ಬಸ್ ಸ್ಟ್ಯಾಂಡಿನಲ್ಲಿ ಇಜಾಜ ಮೆಲ್ಲಗೆ ಎಂದ, "ದಸರಾದ ಮಾತು ಮಾತ, ಅಕ್ಕಾರ."

"ಮಾತ ಮಾತ," ಎಂದೆ. ಮಷಿನ್ ಇಲ್ಲದೆ ಹೇಗೆ ಓದಿಸಲಿ? ನನಗೆ ದಾರಿ ತಿಳಿಯುತ್ತಿಲ್ಲ.

ಆಗಸ್ಟ್ 6, ಬುಧವಾರ

ತಿಳಿಯಿತು. ಓಣಿಯಲ್ಲೇ ಇತ್ತು.

ಸಬೀನಾಳನ್ನು ತರಗತಿಗೆ ಕರೆಸಿದೆ. ಅವರ ಕೈಮಾತು ನನಗೂ ಮಕ್ಕಳಿಗೂ ಕಲಿಸಲಿ ಎಂದು. ಪಾಪ, ಸೆರಗು ಹೊದ್ದು ನಾಚುತ್ತಾ ನಿಂತಳು. ನೀರಿನ ಕೈ ತೋರಿಸಿದಳು. ಮಕ್ಕಳೆಲ್ಲಾ ಮುಸಿಮುಸಿ ನಗು. ಯಾಕ್ರೋ? ಕೊನೆಗೆ ಸಬೀನಾಳೇ ಹೇಳಿದಳು.

"ಅಕ್ಕಾರ, ಇವಕ್ಕ ನಾ ಏನ್ ಕಲಸ್ಲಿ? ಎಲ್ಲಾ ಬರ್ತೈತಿ. ನೀವು ಬೋರ್ಡಿನ ಕಡೆ ತಿರಗಿದ್ರ ಇವು ಕೈಲೆ ಹರಟಿ ಹೊಡೀತಾವಂತ, ಸಾಯಿಮಾ ಮನ್ಯಾಗ ಮಾಡಿ ತೋರಸ್ತಾಳ."

ಶಿಸ್ತಂತೆ ಶಿಸ್ತು! ಎರಡು ತಿಂಗಳಿಂದ ನನ್ನ ಬೆನ್ನ ಹಿಂದೆ ಸಂತೆ ನಡೆದಿದೆ. ನನಗೂ ಒಂದು ಗುರುತು ಇಟ್ಟಿದ್ದಾವೆ — ಬಾಯಿಯ ಮುಂದೆ ಐದೂ ಬೆರಳು ಫಡ್ಡನೆ ಅರಳಿಸುವುದು. ಒದರುವ ಟೀಚರು. ಮಾಡಿ ತೋರಿಸಿದವಳು ಯಾರು? ಸಾಯಿಮಾ. ಸಿಟ್ಟು ಬರಬೇಕಿತ್ತು. ಬಿದ್ದು ಬಿದ್ದು ನಕ್ಕೆ.

ಸಂಜೆ ಕುಳಿತು ಅಕ್ಷರಕ್ಕೊಂದು ಕೈ ಕಟ್ಟಿದೆವು. 'ನ' ಎಂದರೆ ನೀರಿನ ಕೈ. 'ಮ' ಎಂದರೆ ಮಗ್ಗ. 'ಲ' ಎಂದರೆ ಆ ಕಡೆಯಿಂದ ಈ ಕಡೆ ಓಡುವ ಲಾಳಿ. 'ಗ' ಎಂದರೆ ಗೋಪಣ್ಣನ ಮೀಸೆ. 'ವ' ಎಂದರೆ... ನಾನೇ. ಐದು ಬೆರಳು. ಇರಲಿ, ಒಪ್ಪಿದೆ.

ಆಗಸ್ಟ್ 23, ಶನಿವಾರ

ಓದಿದಳು! ಬೋರ್ಡಿನ ಮೇಲೆ 'ಗಗನ' ಬರೆದಿದ್ದೆ. ಎದ್ದು ನಿಂತಳು. ಎರಡು ಸಲ ಮೀಸೆ ತಿರುವಿದಳು, ಹೆಬ್ಬೆರಳು ಬಾಯಿಗಿಟ್ಟಳು. ನನ್ನ ತುಟಿ ನೋಡಿದಳು, ತನ್ನ ತುಟಿ ಆಡಿಸಿದಳು. "ಗ-ಗ-ನ." ಕಿಟಕಿಯಿಂದ ಆಕಾಶದ ಕಡೆ ಬೆರಳು ತೋರಿಸಿದಳು. ಅರ್ಥವೂ ಗೊತ್ತು!

ತರಗತಿ ಎದ್ದು ಕುಣಿಯಿತು. ನನ್ನ ಕೇಕೆಗೆ ಉಡಚಪ್ಪ ಸರ್ ಓಡಿ ಬಂದರು, ಯಾರೋ ಬಿದ್ದರೆಂದು. ವಿಷಯ ತಿಳಿದು, "ಮೀಸಿ ತಿರವಿ ಓದೂ ಶಾಲಿ ಜಿಲ್ಲಾದಾಗ ನಮ್ಮದೊಂದ ನೋಡ್ರಿ," ಎಂದರು. ಕಣ್ಣು ಒದ್ದೆಯಾಗಿತ್ತು, ಸುಳ್ಳು ಯಾಕೆ ಬರೆಯಲಿ.

ಗೋಪಣ್ಣನಿಗೆ ಖಬರು ಮುಟ್ಟಿದೆ, ತನ್ನ ಮೀಸೆ ಅಕ್ಷರವಾಯಿತೆಂದು. ಆತ ಶಾಲಾ ಸಮಿತಿಯ ಅಧ್ಯಕ್ಷನೂ ಹೌದು. ಸಂಜೆ ಗೇಟಿನ ಹತ್ತಿರ ನಿಂತು ಮಕ್ಕಳಿಗೆಲ್ಲಾ ಮೀಸೆ ತಿರುವಿ ತೋರಿಸುತ್ತಿದ್ದ. ಓಣಿಯ ಹೆಂಗಸರು ಸರದಿಯಲ್ಲಿ ಶಾಲೆಗೆ ಬಂದು ಸಾಯಿಮಾಳ ಪಕ್ಕ ಕೂರುತ್ತಿದ್ದಾರೆ. ಬನಶಂಕರೆವ್ವ — ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು — ತಾನೂ ಓದು ಕಲಿಯುತ್ತೇನೆಂದು ಪಾಟಿ ತಂದಿದ್ದಾಳೆ.

ಸೆಪ್ಟೆಂಬರ್ 19, ಶುಕ್ರವಾರ

ನಾಳೆಯಿಂದ ದಸರಾ ಸೂಟಿ. ಇವತ್ತು ಪಾಲಕರ ಸಭೆ.

ಸಾಯಿಮಾ ಒಂದು ಪುಟ ಓದಿದಳು. ಪೂರ್ತಿ ಪುಟ! ಬೆರಳಿಟ್ಟುಕೊಂಡು, ಒಂದು ಕೈಯಲ್ಲಿ ಅಕ್ಷರ ಮಾಡುತ್ತಾ. 'ಸ' ಬರುವುದಿಲ್ಲ, 'ಶ' ಬರುವುದಿಲ್ಲ, ದನಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಕೇಳದ ಶಬ್ದವನ್ನು ಆಡುವುದು ಹೇಗೆ? ಆದರೂ ಓದಿದಳು. ನಾನು ಗೆದ್ದೆ ಅಂದುಕೊಂಡೆ.

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ನಕ್ಕ. ಅವಳ ಹಾಗೆಯೇ ಆಡಿ ತೋರಿಸಿ ಮತ್ತೂ ನಕ್ಕ. ಒಂದು ಬೈಗುಳ ಕೊಟ್ಟು ಕೂರಿಸಿದೆ. ಅಷ್ಟರಲ್ಲಿ ಇಜಾಜನ ಮುಖ ಕಪ್ಪಿಟ್ಟಿತ್ತು.

ಸಭೆ ಮುಗಿದ ಮೇಲೆ ಬಂದ. "ಓದಿದ್ಲು, ಖರೆ. ಆದ್ರ ಮಂದಿ ನಗ್ತಾರ್ರಿ ಅಕ್ಕಾರ. ನನ್ನ ಮಗಳನ್ನ ನೋಡಿ ನಗೂದು ನಾ ನೋಡಲಾರೆ. ಲಕ್ಷ್ಮೇಶ್ವರದಾಗ ಮನ್ಯಾಗ ಇರ್ತಾಳ. ಯಾರೂ ನಗೂದಿಲ್ಲ."

ಮಾತು ಮಾತ ಅಂದವನು! ಬಾಯಿಗೆ ಬಂದದ್ದೆಲ್ಲಾ ಅಂದೆ. ಆತ ನೆಲ ನೋಡುತ್ತಾ ನಿಂತ. ಕೆಟ್ಟವನಲ್ಲ. ಅದೇ ಕಷ್ಟ.

ಅಕ್ಟೋಬರ್ 9, ಗುರುವಾರ

ಸಮೀಕ್ಷೆ ಡ್ಯೂಟಿ. ಮನೆ ಮನೆ. ಅದಕ್ಕೆಂದೇ ಸೂಟಿ ಬೆಳೆಸಿದ್ದಾರೆ, ಶಾಲೆ ಇನ್ನೂ ಶುರುವಿಲ್ಲ. ಕಾಲು ಬಾತಿವೆ. ಮಗ್ಗದ ಓಣಿ ಬೇರೆಯವರಿಗೆ ಹೋಯಿತು. ಸಾಯಿಮಾ ಸೂಟಿಗೆ ಲಕ್ಷ್ಮೇಶ್ವರದ ಅತ್ತೆಯ ಮನೆಗೆ ಹೋಗಿದ್ದಾಳಂತೆ. ಸೂಟಿಗೆ ಮಾತ್ರ... ಇರಬಹುದು.

ಅಕ್ಟೋಬರ್ 23, ಗುರುವಾರ

ದೀಪಾವಳಿಯೂ ಮುಗಿಯಿತು. ಶಾಲೆ ಶುರು. ಎರಡನೇ ಸಾಲಿನಲ್ಲಿ ಜಾಗ ಖಾಲಿ. ಇಜಾಜನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಸ್ವಿಚ್ ಆಫ್.

ಮಕ್ಕಳು ಆ ಜಾಗದಲ್ಲಿ ಯಾರನ್ನೂ ಕೂರಗೊಡುತ್ತಿಲ್ಲ. ಪಾಠ ಮಾಡಲು ಮನಸ್ಸಿಲ್ಲ. ಬರೆಯಲೂ.

ಅಕ್ಟೋಬರ್ 25, ಶನಿವಾರ

ಇವತ್ತಿನದನ್ನು ಬರೆಯಲೇಬೇಕು.

ಮಧ್ಯಾಹ್ನ ಶಾಲೆ ಬಿಟ್ಟವಳೇ ಓಣಿಗೆ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಓಣಿ ಗಪ್ಪಾಗಿತ್ತು. ಕರೆಂಟ್ ಹೋಗಿದೆ ಅಂದುಕೊಂಡೆ. ಆದರೆ ಅಂಗಡಿಯಲ್ಲಿ ಫ್ಯಾನ್ ತಿರುಗುತ್ತಿತ್ತು, ರೇಡಿಯೋ ಹಾಡುತ್ತಿತ್ತು. ಕರೆಂಟ್ ಇದೆ. ಮಗ್ಗ ನಿಂತಿವೆ.

ಗೋಪಣ್ಣ ಶೆಡ್ಡಿನ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕುಳಿತಿದ್ದ.

"ಏನಾತ್ರಿ?"

"ಏನಾಗೂದು ಅಕ್ಕಾರ. ಮುಂಜಾನಿಂದ ಹೆಣ್ಮಕ್ಕಳು ಒಂದ್ ಮಗ್ಗಾನೂ ಚಾಲೂ ಮಾಡಿಲ್ಲ. ಒಳಗ ಹೋಗ್ರಿ, ನೀವ ನೋಡ್ರಿ."

ಒಳಗೆ ಸಬೀನಾ ತನ್ನ ಮಗ್ಗದ ಮುಂದೆ ಕೈಕಟ್ಟಿ ನಿಂತಿದ್ದಳು. ಅವಳ ಪಕ್ಕ ಬನಶಂಕರೆವ್ವ, ಅವಳ ಪಕ್ಕ ಇನ್ನೊಬ್ಬಳು, ಹೀಗೇ ಗೋಡೆಯವರೆಗೆ. ಎಲ್ಲರೂ ಕೈಕಟ್ಟಿ. ನಡುವೆ ಇಜಾಜ ಪಾನಾ ಹಿಡಿದು ನಿಂತಿದ್ದ, ರಿಪೇರಿಗೆ ಏನೂ ಇಲ್ಲದೆ.

"ನನ್ನ ಮಗಳು ಬರೂತನಕ ನಾ ಗುಂಡಿ ಒತ್ತೂದಿಲ್ಲ," ಎಂದಳು ಸಬೀನಾ. ಅವಳ ದನಿ ಇಷ್ಟು ಗಟ್ಟಿ ಎಂದು ನನಗೂ ಗೊತ್ತಿರಲಿಲ್ಲ, ಅವಳ ಗಂಡನಿಗೂ.

"ಆಕಿ ಒತ್ತಲಿಲ್ಲಂದ್ರ ನಾವೂ ಒತ್ತೂದಿಲ್ಲ," ಎಂದಳು ಬನಶಂಕರೆವ್ವ. "ನನಗ 'ಲ' ಕಲಿಸಿದಾಕಿ ಆಕಿ. ಮುಂದಿಂದು ಯಾರ್ ಕಲಸ್ತಾರ? ನೀ ಕಲಸ್ತೀಯೇನ್ಲೇ ಇಜಾಜಾ?"

ಇಜಾಜ ತೊದಲಿದ. "ಮಂದಿ ನಕ್ರು ಸಬೀನಾ. ನೀನೂ ನೋಡಿದಿ."

"ನಕ್ಕಾಂವ ಒಬ್ಬ. ಇಲ್ಲಿ ಕೈಕಟ್ಟಿ ನಿಂತಾವ್ರು ಎಷ್ಟ್ ಮಂದಿ ಅದಾರ, ಎಣಿಸಿ ಹೇಳು."

ಎಣಿಸಲಿಲ್ಲ. ತಲೆ ತಗ್ಗಿಸಿದ. ನಾನು ಬಾಯಿ ತೆರೆದೆ, ಆದರೆ ನನ್ನ ಮಾತು ಅಲ್ಲಿ ಬೇಕಿರಲಿಲ್ಲ. ನನ್ನ ಜನ್ಮದಲ್ಲಿ ಹೀಗಾದದ್ದು ಇದೇ ಮೊದಲು! ಮನೆಯ ಬಾಗಿಲಲ್ಲಿ ಅಲ್ಮಾಸಬಿ ನಿಂತಿದ್ದಳು. ಮೊಳೆಯಲ್ಲಿದ್ದ ಗಾಡಿಯ ಕೀಲಿ ತೆಗೆದು ಮಗನ ಕೈಗೆ ಹಾಕಿದಳು.

"ಗಾಡಿ ತಗಿ ಇಜಾಜ. ಹೊತ್ತು ಮುಣಗೂದ್ರಾಗ ಕರಕೊಂಡು ಬಾ. ಅಖ್ತರಿಗೆ ನಾ ಫೋನ್ ಮಾಡಿ ಹೇಳ್ತೀನಿ. ಕೂಸಿನ್ನ ತಾನ ಆಡಸ್ಕೋಲಿ."

ಅಖ್ತರಿ ಎಂದರೆ ಲಕ್ಷ್ಮೇಶ್ವರದ ಮಗಳು. ಮುದುಕಿ ತನ್ನ ಮಗಳಿಗೇ ಇಲ್ಲ ಎಂದಳು. ಅವಳ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ. ಚಹಾ ಕುಡಿದೆ.

ಇಜಾಜ ಹೋದ ಮೇಲೂ ಹೆಂಗಸರು ಮಗ್ಗ ಹಚ್ಚಲಿಲ್ಲ. ಹುಡುಗಿ ಕಣ್ಣಿಗೆ ಕಾಣಲಿ, ಆಮೇಲೆ ಎಂದರು. ಗೋಪಣ್ಣ ಏನು ಮಾಡಿಯಾನು? ಎಲ್ಲರಿಗೂ ಗಿರ್ಮಿಟ್ಟು ಮಿರ್ಚಿ ತರಿಸಿದ.

ಅಕ್ಟೋಬರ್ 27, ಸೋಮವಾರ

ಬಂದಳು. ಎರಡು ಜಡೆ, ನಗು, ಎಲ್ಲಾ ಇದ್ದ ಹಾಗೇ. ಇಡೀ ತರಗತಿ ಕೈಯಲ್ಲಿ ಗದ್ದಲ ಮಾಡಿತು. ಒಂದು ಸಪ್ಪಳ ಇಲ್ಲ, ಆದರೂ ಅಂಥ ಗದ್ದಲ ನಾನು ನೋಡಿಲ್ಲ. ಪಾಠ ಮಾಡಲಿಲ್ಲ. ಮಾಡಿದರೆ ಕೇಳುವವರು ಯಾರು?

ನವೆಂಬರ್ 20, ಗುರುವಾರ

ಶಿಬಿರ. ಎರಡೂ ಕಿವಿಗೆ ಮಷಿನ್. ಸಿನಿಮಾದ ಹಾಗೆ ಏನೂ ಆಗಲಿಲ್ಲ. ಹಾಕಿದ ಕೂಡಲೇ ಬೆಚ್ಚಿ ಅತ್ತಳು. ಕುರ್ಚಿ ಎಳೆದರೆ ಅತ್ತಳು, ಬಸ್ಸಿನ ಹಾರ್ನಿಗೆ ಅತ್ತಳು. ಮನೆಗೆ ಹೋಗುವಷ್ಟರಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡಿದ್ದಳು. ಸಬೀನಾ ನನ್ನ ಮುಖ ನೋಡಿದಳು. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿಸಬೇಕು ಎಂದಿದ್ದಾರೆ ಶಿಬಿರದವರು. ಮಾಡಿಸೋಣ. ನಾವೇನು ಬಿಟ್ಟು ಓಡುವವರೇ?

ಡಿಸೆಂಬರ್ 12, ಶುಕ್ರವಾರ

ಶೆಡ್ಡಿನ ಹತ್ತಿರ ಮಷಿನ್ ತೆಗೆಯುತ್ತಾಳೆ, ಶಾಲೆಗೆ ಬಂದರೆ ತಾನೇ ಹಾಕಿಕೊಳ್ಳುತ್ತಾಳೆ. ಜಾಣೆ. ಈಗ ಸಪ್ಪಳ ಹುಡುಕುವುದೇ ಆಟ. ಇವತ್ತು ಓಡಿ ಬಂದು ನನ್ನ ಸೀರೆ ಜಗ್ಗಿದಳು. "ಟೀಚರ್, ನನ್ನ ಚಪ್ಪಲ್ ಮಾತಾಡ್ತಾವ!" ಮೈದಾನದ ತುಂಬಾ ಚಪ್ಪಲಿ ಬಡಿಯುತ್ತಾ ತಿರುಗಿದಳು. 'ಚ' ಸರಿಯಾಗಿ ಬಂತು. 'ಸ' ಇನ್ನೂ ಅರೆಬರೆ.

ಜನವರಿ 17, ಶನಿವಾರ

ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬ. ಅಕ್ಕಪಕ್ಕದ ಶಾಲೆಗಳೆಲ್ಲಾ ಸೇರಿದ್ದವು. ಗಟ್ಟಿ ಓದು ಸ್ಪರ್ಧೆಗೆ ನಮ್ಮ ಶಾಲೆಯಿಂದ ಯಾರು? ಸಾಯಿಮಾ. ಉಡಚಪ್ಪ ಸರ್ ಮೊದಲು ಹಿಂದೆಮುಂದೆ ನೋಡಿದರು. "ಟೀಚರ್, ಗಟ್ಟಿ ಓದಿಗೆ... ಆಕೀನಾ?" ಆಕಿನ, ಎಂದೆ. ಹೆಸರು ಬರೆದುಕೊಂಡರು.

ಮಗ್ಗದ ಓಣಿ ಪೂರಾ ಬಂದಿತ್ತು. ಇಜಾಜ ಎಲ್ಲರಿಗಿಂತ ಮುಂದೆ, ಇಸ್ತ್ರಿ ಅಂಗಿ, ಉಗುರಲ್ಲಿ ಮಾತ್ರ ಗ್ರೀಸ್. ಹುಡುಗಿ ಮೈಕಿನ ಮುಂದೆ ನಿಂತಳು. ಓದಿದಳು. ಒಂದೆರಡು ಕಡೆ 'ಸ' ಜಾರಿತು. ಬೇರೆ ಶಾಲೆಯ ಮಕ್ಕಳು ಕಿಸಕ್ಕೆಂದವು. ಇಜಾಜನ ಕಡೆ ನೋಡಿದೆ. ಆತ ಕದಲಲಿಲ್ಲ. ಮಗಳ ಕಣ್ಣಿಗೆ ಕಾಣುವ ಹಾಗೆ ಕೈ ಎತ್ತಿ ಲಾಳಿ ಓಡಿಸಿ ತೋರಿಸಿದ — ನಿಲ್ಲಬ್ಯಾಡ, ಹೊಡಿ ಮುಂದ. ಅವಳು ಹೊಡೆದಳು! ಪುಟ ಮುಗಿಸಿ, ತಿರುವಿ, ಯಾರೂ ಹೇಳದಿದ್ದರೂ ಮುಂದಿನ ಪುಟವನ್ನೂ ಓದತೊಡಗಿದಳು. ಸಾಕಮ್ಮ ಎಂದು ಮೈಕು ಕಸಿಯಬೇಕಾಯಿತು.

ಎರಡನೇ ಬಹುಮಾನ. ಮೊದಲನೆಯದು ಯಾರಿಗೆ ಬಂತೋ ನನಗೆ ಗೊತ್ತಿಲ್ಲ, ನಾನು ಕೇಳಿಸಿಕೊಳ್ಳಲಿಲ್ಲ. ಅಲ್ಮಾಸಬಿ ಕಂಡಕಂಡವರಿಗೆಲ್ಲಾ, "ಕಿವಿಗೆ ಮಷಿನ್ ಐತಿ ನಮ್ಮ ಹುಡುಗಿಗೆ, ನೋಡಿದ್ರೇನು?" ಎಂದು ಜಡೆ ಸರಿಸಿ ತೋರಿಸುತ್ತಿದ್ದಳು, ಹೊಸ ಓಲೆ ತೋರಿಸುವಂತೆ.

ಹೋಗುವಾಗ ಇಜಾಜ ಹತ್ತಿರ ಬಂದ. "ಅಕ್ಕಾರ, ಆ ಟಿ.ಸಿ. ಮಾತು..."

"ಯಾವ ಟಿ.ಸಿ.?"

ನಕ್ಕ. ಈ ಮನುಷ್ಯ ನಕ್ಕರೆ ಥೇಟ್ ಮಗಳ ಹಾಗೆ ಕಾಣುತ್ತಾನೆ.

ಜನವರಿ 19, ಸೋಮವಾರ

ಮತ್ತೆ ಅದೇ. ಪ್ರಾರ್ಥನೆ, ಹಾಜರಿ, ಹಾಲು. ಎರಡನೇ ಪೀರಿಯಡ್ ಗಣಿತ. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ, ಮಕ್ಕಳ ಕಡೆ ಬೆನ್ನು. ಬರೆಯುತ್ತಾ ನನ್ನಷ್ಟಕ್ಕೆ ನಾನೇ ಗೊಣಗಿದೆ — ಒಂಬತ್ತಾರಲೆ...

"ಐವತ್ನಾಕು."

ಹಿಂದಿನಿಂದ. ಎರಡನೇ ಸಾಲಿನಿಂದ. ಆ ದನಿ ನನಗೆ ಗೊತ್ತಿಲ್ಲವೇ? ಏರಿ ಇಳಿಯುವ ಆ ದನಿ. ನನ್ನ ತುಟಿ ಅವಳಿಗೆ ಕಾಣುತ್ತಿರಲಿಲ್ಲ. ಕೈ ಕಾಣುತ್ತಿರಲಿಲ್ಲ. ನನ್ನ ಮುಖ ಗೋಡೆಯ ಕಡೆ ಇತ್ತು.

ತಿರುಗಿದೆ. "ಸಾಯಿಮಾ! ಕೇಳಿಸ್ತೇನು? ನನ್ನ ಮಾರಿ ನೋಡಲಾರದ ಕೇಳಿಸ್ತೇನು ನಿನಗ?" ಇದ್ದಬದ್ದ ಧ್ವನಿಯೆಲ್ಲಾ ಹಾಕಿ ಒದರಿದ್ದೆ. ಪಕ್ಕದ ಐದನೇ ತರಗತಿ ಗಪ್ಪಾಯಿತು. ಉಡಚಪ್ಪ ಸರ್ ಓಡಿ ಬಂದರು.

ಸಾಯಿಮಾ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಮುಖ ಸಿಂಡರಿಸಿ ಹೇಳಿದಳು, "ಟೀಚರ್, ಯಾಕ ಅಷ್ಟ ಒದರ್ತೀರಿ? ಕೇಳಸ್ತೈತಿ."

ಮಕ್ಕಳು ಬೆಂಚಿನ ಮೇಲೆ ಹೊರಳಾಡಿ ನಕ್ಕವು. ಸರ್ ಬಾಗಿಲು ಹಿಡಿದು ನಕ್ಕರು. ನಾನೂ ನಗಲು ಹೋದೆ, ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡೆ. ಬೇಕೆಂದೇ ಮತ್ತೆ ಬೆನ್ನು ತಿರುಗಿಸಿ ಬೋರ್ಡಿನ ಹತ್ತಿರ ನಿಂತೆ. ಎಷ್ಟು ಸಣ್ಣ ದನಿ ಸಾಧ್ಯವೋ ಅಷ್ಟು ಸಣ್ಣ ದನಿಯಲ್ಲಿ ಇನ್ನೊಂದು ಲೆಕ್ಕ ಹೇಳಿದೆ. ಹೇಳಿ ಮುಗಿಸುವ ಮೊದಲೇ ಹಿಂದಿನಿಂದ ಅದೇ ದನಿಯಲ್ಲಿ ಉತ್ತರ ಬಂತು.